ದೊಡ್ಡ ಉಬ್ಬಸಕ್ಕೆ ಎತ್ತಿಟ್ಟ ಪಂಪು

ಹಲೋ... ಯಾರು? ಯಾರು ಮಾತಾಡ್ತಿರೋದು? ಇದ್ಯಾರ ನಂಬರು?

...

ಓ, ನೀನಾ! ಮರಕ್ಕೆ ಪಾಲಿಶ್ ಮಾಡೋರ ಫೋನಿಂದ ಯಾಕೋ ಮಾಡಿದೆ?... ಚಾರ್ಜಿಲ್ವಾ. ಸರಿ, ನಿನ್ನ ಫೋನಲ್ಲೂ ಇಲ್ಲ, ನಿನ್ನಲ್ಲೂ ಇಲ್ಲ. ಬೇಗ ಹೇಳು. ಶರ್ಟಿನ ತೋಳು ಕತ್ತರಿಸ್ತಾ ಇದೀನಿ, ಗಿರಾಕಿ ಎದುರಿಗೇ ಕೂತಿದಾರೆ.

...

ಹಾಂ? ಡಾಕ್ಟ್ರು ಮೋಸ ಮಾಡಿದ್ರಾ?... ಅವರು ಕೊಟ್ಟ ಉಬ್ಬಸದ ಪಂಪು ಕೆಲಸ ಮಾಡ್ತಿಲ್ವಾ? ಬಾಯಿಗಿಟ್ಟು ಎಳೆದ್ಯಾ?... ಈಗ ಎಳೆದೆ, ಸರಿ. ಅದಕ್ಕೆ ಮುಂಚೆ?

...

ಅದಕ್ಕೆ ಮುಂಚೆ ಯಾವಾಗ ಅಂತ ಕೇಳಿದೆ ಕಣೋ.

...

ಅಯ್ಯೋ ನಿನ್ನ! ಇವತ್ತು ಮೊದಲನೇ ಸಲ ಒಡೆದ್ಯಾ ಪಂಪಿನ ಡಬ್ಬಿನ? ಹೋದ ಸಲ ಆಸ್ಪತ್ರೆಯಿಂದ ಬರುವಾಗ ನಾನೇ ತಂದುಕೊಟ್ಟಿದ್ದಲ್ವಾ ಅದು?... ಎತ್ತಿಟ್ಟಿದ್ಯಾ? ಯಾತಕ್ಕೆ?... ದೊಡ್ಡ ಉಬ್ಬಸ ಬಂದಾಗ ಬೇಕಾಗುತ್ತೆ ಅಂತ!

...

ಆಹಾ. ಹೊಸ ಉಳಿ ಒಳ್ಳೇ ತೇಗಕ್ಕೇ ಇರ್ಲಿ ಅಂತ ಬಟ್ಟೆ ಸುತ್ತಿ ಎತ್ತಿಡ್ತೀಯಲ್ಲ, ಹಾಗೆ. ಬಡಗಿ ಬುದ್ಧಿ! ನಿನ್ನ ತಲೇಲಿರೋದು ಮೆದುಳಾ, ಮರದ ಹೊಟ್ಟಾ? ದಿನಾ ಬೆಳಿಗ್ಗೆ, ಸಾಯಂಕಾಲ, ಚೆನ್ನಾಗಿದ್ದಾಗ್ಲೂ ಎಳ್ಕೋಬೇಕು ಅಂತ ಡಾಕ್ಟ್ರು ನಿನ್ನ ಮುಖ ನೋಡ್ಕೊಂಡು ಹೇಳಿದ್ರು. ನೀನು ದೊಡ್ಡದಾಗಿ ತಲೆ ಆಡಿಸಿದೆ.

...

ಚೆನ್ನಾಗಿದ್ದಾಗ ಔಷಧಿ ಯಾಕೆ ಅಂತೀಯಾ? ಅದನ್ನ ತಗೊಂಡ್ರೆ ತಾನೇ ಪೆದ್ದಪ್ಪ, ಚೆನ್ನಾಗಿರೋದು! ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಹೋಗಿದೀಯ, ನೀರು ಬರ್ಲಿಲ್ಲ ಅಂತ ಡಾಕ್ಟ್ರನ್ನ ಬೈತಿದೀಯ. ಎಲ್ಲಿ ಆ ಇನ್ನೊಂದು, ನೀಲಿ ಪಂಪು? ತಕ್ಷಣಕ್ಕೆ ಆಗೋದು ಅದು, ಇದಲ್ಲ.

...

ಖಾಲಿ. ಆಗ್ದೇ ಇನ್ನೇನು? ಪೆಪ್ಪರಮಿಂಟ್ ಚೀಪೋ ಹಾಗೆ ಗಳಿಗೆಗೊಂದ್ಸಲ ಎಳೀತಿದ್ರೆ? ಖಾಲಿಯಾಯ್ತು ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?

...

ನಾನು ಬೈತೀನಿ ಅಂತಾನಾ?

...

ಏನು? ಸರಿಯಾಗಿ ಹೇಳು. ಯಾಕೆ ಒಂದೊಂದೇ ಪದ ಉದುರಿಸ್ತಿದೀಯ?... ಅದೇನದು ಸದ್ದು? ಮರ ಕುಯ್ಯೋ ಯಂತ್ರನಾ? ಆಫ್ ಮಾಡೋಕೆ ಹೇಳು ಯಾರಿಗಾದ್ರೂ.

...

ಆಫ್ ಆಗಿದೆಯಾ? ಹಾಗಾದ್ರೆ... ಲೋ. ಅದು ನಿನ್ನ ಉಸಿರಾ?

...

ಕೊಡು ಆ ಪಾಲಿಶ್ ಮಾಡೋರಿಗೆ ಫೋನು. ಕೊಡು ಅಂದೆ!

...

ಹಲೋ, ನಾನು ಅವನ ಅಕ್ಕ. ಮುಖ ಹೇಗಿದೆ ನೋಡಿ. ತುಟಿ?... ನೀಲಿನಾ?... ಅಯ್ಯೋ, ಮಲಗಿಸಬೇಡಿ! ಎಬ್ಬಿಸಿ ಕೂರಿಸಿ, ಮುಂದಕ್ಕೆ ಬಾಗಿ ಕೂತ್ಕೊಳ್ಲಿ. ಆ ಪಾಲಿಶ್ ಡಬ್ಬ ಮುಚ್ಚಿ ಮೊದ್ಲು, ಬಾಗಿಲು ಪೂರ್ತಿ ತೆಗೀರಿ. ಈ ಫೋನ್ ಇಟ್ಟು ಆಂಬುಲೆನ್ಸಿಗೆ ಮಾಡಿ. ನಾನು ಹೊರಟೆ, ಹೊರಟೇಬಿಟ್ಟೆ.

...

ತಡೀರಿ, ತಡೀರಿ. ಒಂದೇ ಕ್ಷಣ ಅವನ ಕಿವಿಗೆ ಹಿಡೀರಿ.

...

ಲೋ. ಇಷ್ಟೊತ್ತು ಬೈದೆ, ನೀನು ಒಂದು ಮಾತೂ ತಿರುಗಿ ಬೈಲಿಲ್ಲ. ಹುಟ್ಟಿದಾಗಿಂದ ಹೀಗೆ ಯಾವತ್ತೂ ಆಗಿಲ್ಲ. ನಂಗೆ ಭಯ ಆಗ್ತಿದೆ ಕಣೋ. ಬಾಯಿಬಡುಕಿ ಅನ್ನು. ಬಜಾರಿ ಅನ್ನು. ಏನಾದ್ರೂ ಅನ್ನೋ...

...

ಹಲೋ?... ಹಲೋ...