ಅಕ್ಕನ ಕೊನೆಯ ಶಾಟ್

ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕನ ಯಜಮಾನರಿಗೆ, ಅವರ ಮಗಳಿಗೆ — ನಿಮ್ಮ ದುಃಖದಲ್ಲಿ ನಾವೆಲ್ಲ ಇದ್ದೇವೆ ಎಂದು ಹೇಳಬೇಕು. ಹೇಳಿದೆ. ಮುಂದೆ ಏನು ಹೇಳಬೇಕೋ ನನಗೆ ನಿಜವಾಗಿಯೂ ತೋಚುತ್ತಿಲ್ಲ.

ನಾನು ಸೌಂಡ್‌ನವನು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇನ್ನೊಬ್ಬರ ಮಾತು ಹಿಡಿಯುವುದು ನನ್ನ ಕಸುಬು. ಮೈಕಿನ ಈ ಕಡೆ ನಿಂತು ಅಭ್ಯಾಸವಿಲ್ಲ. ನಮ್ಮ ಚಿತ್ರದ ನಾಯಕಿ, ನಾವೆಲ್ಲ ಬಾಯಿ ತುಂಬ ಅಕ್ಕ ಅನ್ನುತ್ತಿದ್ದವರು, ಈಗ ಇದ್ದಿದ್ದರೆ, "ಏನಪ್ಪಾ, ನಿಂಗೂ ಒಂದು ಗಂಟಲಿದೆಯಾ?" ಅಂತ ಕಾಲೆಳೆಯುತ್ತಿದ್ದರು. ಹೋದ ವಾರದಿಂದ ಅವರಿಲ್ಲ. ಅದು ಇನ್ನೂ ತಲೆಗೆ ಹತ್ತಿಲ್ಲ.

ಆ ಚಿತ್ರವನ್ನು ನೀವೆಲ್ಲ ನೋಡಿದ್ದೀರಿ. ಬಟ್ಟೆ ಹೊಲಿಯುವ ಹೆಂಗಸಿನ ಕತೆ. ಹೇಳದೆ ಕೇಳದೆ ಹೋದ ಗಂಡ ಎಷ್ಟೋ ವರ್ಷದ ಮೇಲೆ ಬಂದು ಬಾಗಿಲು ತಟ್ಟುತ್ತಾನೆ. ಮೊದಲರ್ಧ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ — ನಿರ್ದೇಶಕರು ಇಲ್ಲೇ ಇದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ ಸಾರ್ — ಆಮೇಲೆ ಆ ಗಂಡನ ಅಣ್ಣ ಯಾಕೆ ಬಂದ, ಯಾಕೆ ಕಿರುಚಿದ, ಎಲ್ಲಿಗೆ ಹೋದ? ಅಷ್ಟೂ ಮಾತು ರೆಕಾರ್ಡ್ ಮಾಡಿದ ನನಗೇ ಇವತ್ತಿಗೂ ಗೊತ್ತಿಲ್ಲ. ನೋಡಿ, ನಗುತ್ತಿದ್ದಾರೆ. ಅವರಿಗೂ ಗೊತ್ತಿಲ್ಲ! ಆದರೆ ಅಕ್ಕ ತೆರೆಯ ಮೇಲೆ ಇದ್ದಷ್ಟು ಹೊತ್ತು ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಬಂದ ಗಂಡನ ಮುಖವನ್ನೂ ನೋಡದೆ, ಸೂಜಿಗೆ ದಾರ ಪೋಣಿಸುತ್ತಾ, "ಅಳತೆ ಕೊಡೋಕೆ ಬಂದ್ರಾ?" ಅಂತ ಕೇಳುತ್ತಾರಲ್ಲ — ಆ ಒಂದು ಮಾತಿಗೆ ಉಳಿದದ್ದನ್ನೆಲ್ಲ ಮನ್ನಿಸಬಹುದು. ಕುಂಟುತ್ತಿದ್ದ ಸಿನಿಮಾವನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದವರು ಅಕ್ಕ.

ಮತ್ತೆ, ಆ ಕೊನೆಯ ಶಾಟ್. ಗಂಡ ಮತ್ತೆ ಹೊರಟುಹೋಗಿದ್ದಾನೆ. ಅಕ್ಕ ಹೊಲಿಗೆ ಮಿಷನ್ ಪಕ್ಕ ನಿಂತು ಬಾಗಿಲು ನೋಡುತ್ತಾರೆ. ಮಾತಿಲ್ಲ. ತುಟಿ ಬಿಗಿಯುತ್ತದೆ, ಕಣ್ಣು ತುಂಬುತ್ತದೆ, ಆಮೇಲೊಂದು ಉಸಿರು. ಥಿಯೇಟರಿನಲ್ಲಿ ಜನ ಗೊಳೋ ಎಂದು ಅತ್ತರು.

ಇವತ್ತು ಬಾಗಿಲಲ್ಲೇ ಅಕ್ಕನ ಮಗಳು ನನ್ನ ಕೈ ಹಿಡಿದುಕೊಂಡಳು. "ಮಾಮಾ, ಆ ಶಾಟ್‌ನಲ್ಲಿ ಅಮ್ಮ ನಟಿಸ್ತಿದ್ರಾ? ಆಗ ನಾವಿಬ್ರೂ ಮಾತು ಬಿಟ್ಟಿದ್ವಿ. ನನ್ನಿಂದ ಅಷ್ಟು ನೊಂದಿದ್ರಾ? ಗೊತ್ತಿದ್ರೆ ಎಲ್ಲರ ಎದುರೇ ಹೇಳಿ."

ಮಗಳೇ, ಮೊದಲನೆಯದಾಗಿ, ಅದು ಶಾಟೇ ಅಲ್ಲ. ಒಂದು ಜಾಗದಲ್ಲಿ ಚಿತ್ರೀಕರಣ ಮುಗಿದ ಮೇಲೆ ನಾನು ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸುತ್ತೇನೆ. ಯಾರೂ ಪಿಟಕ್ಕನ್ನಬಾರದು. ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಒಂದೊಂದು ಕೋಣೆಯ ಮೌನ ಒಂದೊಂದು ಥರ. ಮಾತಿನ ಸಂದಿಗಳಿಗೆ ಆಮೇಲೆ ಅದನ್ನೇ ತುಂಬಬೇಕು. ಆವತ್ತೂ ನಿಲ್ಲಿಸಿದೆ. ನಮ್ಮ ಕ್ಯಾಮೆರಾಮನ್ ಕ್ಯಾಮೆರಾ ಆಫ್ ಮಾಡುವುದನ್ನು ಮರೆತಿದ್ದರು. ಆ ತುಣುಕನ್ನೇ ನಿರ್ದೇಶಕರು ಸಿನಿಮಾದ ಕೊನೆಗೆ ಹಾಕಿದರು. ಅಷ್ಟೇ.

ಹಾಗಾದರೆ ಆ ಮುಖ? ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ. ಅಕ್ಕನ ಕೊರಳ ಹತ್ತಿರ ನನ್ನ ಮೈಕ್ ಇತ್ತಲ್ಲ. ಅಂಥ ಮೌನದ ಮಧ್ಯೆ — ಗುರ್‌ರ್ — ಅಂತ ಅಕ್ಕನ ಹೊಟ್ಟೆ ಕೂಗಿತು! ನಗು ಬಂತು, ತಡೆದುಕೊಂಡರು. ತುಟಿ ಬಿಗಿದದ್ದು ಅದಕ್ಕೆ. "ಹಸಿವಾಗಿತ್ತು ಕಣೋ, ನಿನ್ನ ಮೌನ ಕೆಡಿಸಿಬಿಟ್ಟೆ" ಅಂತ ಅವರೇ ನನಗೆ ಹೇಳಿದ್ದರು.

ಆದರೆ ಈಗಷ್ಟೇ ಹೊರಗೆ ಟೀ ಕುಡಿಯುವಾಗ ಕ್ಯಾಮೆರಾಮನ್ ಹೇಳುತ್ತಾರೆ, "ಸುಳ್ಳು! ಕ್ಯಾಮೆರಾದ ಕೆಂಪು ದೀಪ ಉರೀತಿರೋದು ಕಾಣಿಸ್ತು, ಅದಕ್ಕೇ ಆಕ್ಟ್ ಮಾಡ್ದೆ ಅಂತ ನನ್ನ ಹತ್ರಾನೇ ಅಂದಿದ್ರು." ಮೇಕಪ್‌ನ ಅಮ್ಮ ಇಬ್ಬರಿಗೂ ಬೈದರು. "ನಿಮ್ಮ ತಲೆ. ಮಗಳು ನೆನಪಾದ್ಲು ಅಂತ ನನ್ನ ಹತ್ರ ಹೇಳಿದ್ರು." ಒಬ್ಬೊಬ್ಬರಿಗೆ ಒಂದೊಂದು ಹೇಳಿ ಹೊರಟುಹೋದರಲ್ಲ! ಯಾವುದನ್ನು ನಂಬಲಿ? ಆ ರೆಕಾರ್ಡಿಂಗ್ ಎಷ್ಟೋ ಸಲ ಕೇಳಿದ್ದೇನೆ. ಹೊಟ್ಟೆಯ ಸದ್ದು ಇದೆ. ತಡೆದ ನಗು ಇದೆ. ಆದರೆ ಆ ಕೊನೆಯ ಉಸಿರು — ನಗು ಇಳಿದ ಉಸಿರೋ, ಅಳು ನುಂಗಿದ ಉಸಿರೋ — ಕಿವಿಯನ್ನೇ ನಂಬಿ ಬದುಕಿದವನಿಗೆ ತಿಳಿಯುತ್ತಿಲ್ಲ. ತಿಳಿಯುತ್ತಿಲ್ಲ ಮಗಳೇ.

ಅದರ ನಂತರದ್ದು ಮಾತ್ರ ಗೊತ್ತು. ಅದು ಸಿನಿಮಾದಲ್ಲಿ ಇಲ್ಲ. ನಾನು "ಆಯ್ತು" ಅಂದೆ. ಎಲ್ಲರೂ ಊಟಕ್ಕೆ ಓಡಿದರು. ಅಷ್ಟು ಹಸಿದಿದ್ದ ಅಕ್ಕ ಓಡಲಿಲ್ಲ. ಮೈಕ್ ಕಳಚುವುದಕ್ಕೂ ಮುಂಚೆ ನಿನಗೆ ಫೋನ್ ಮಾಡಿದರು. "ಊಟ ಆಯ್ತಾ?" ಅಂದರು. ಆ ಕಡೆಯಿಂದ ನೀನು — "ಹೂಂ" ಅಂದೆ. ಇಟ್ಟುಬಿಟ್ಟೆ. ಹೆಡ್‌ಫೋನ್ ಕಿವಿಯಲ್ಲೇ ಇತ್ತು, ನನಗೂ ಕೇಳಿಸಿತು. ಅಕ್ಕ ಫೋನ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಮಾತಾಡಿದ್ಲು ಕಣೋ! ಮಾತಾಡಿದ್ಲು!" ಆ ಮುಖ ಯಾವ ಕ್ಯಾಮೆರಾದಲ್ಲೂ ಇಲ್ಲ. ನಾನು ನೋಡಿದೆ. ಅದು ನಟನೆ ಅಲ್ಲ — ಅದೊಂದಕ್ಕೆ ನಾನು ಗ್ಯಾರಂಟಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಫೋನ್ ಆಫ್ ಮಾಡಿ. ಹಿಂದಿರುವವರು ಯಾರಾದರೂ ಆ ಫ್ಯಾನ್ ನಿಲ್ಲಿಸಿ, ಆಗಿನಿಂದ ಗರಗರ ಅಂತ ನನ್ನ ತಲೆ ತಿನ್ನುತ್ತಿದೆ. ಇದ್ದಲ್ಲೇ ಇರಿ. ಅಕ್ಕ ಇಲ್ಲದ ಕೋಣೆಯ ಮೌನ ಹೇಗಿರುತ್ತದೆ, ಕೇಳಿಸಿಕೊಳ್ಳೋಣ. ಸೆಟ್‌ನಲ್ಲಾದರೆ "ಆಯ್ತು" ಅಂತ ಮೌನ ಮುಗಿಸುವವನು ನಾನು. ಇವತ್ತು ನನ್ನಿಂದ ಆಗುವುದಿಲ್ಲ. ಮಗಳೇ, ನೀನು ಹೇಳಬೇಕು. ದೊಡ್ಡ ಮಾತೇನೂ ಬೇಡ. ಒಂದು "ಹೂಂ" ಅಂದರೆ ಸಾಕು.

ಅಲ್ಲಿಯವರೆಗೂ ನಾವೆಲ್ಲ ನಿಂತಿರುತ್ತೇವೆ.