ಕೋಪದ ಜಾಗ ಬೇರೆ

ಬಿಜೈಯ ನರರೋಗ ತಜ್ಞರೊಬ್ಬರ ಕ್ಲಿನಿಕ್‌ನಲ್ಲಿ ನನ್ನ ಟೋಕನ್ ಹದಿನೇಳು. ಎದುರಿನ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ. ಗಂಡ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

“ಫೆಲ್ಸಿ, ನನಗೆ ನಿನ್ನ ಮೇಲೆ ತುಂಬ ಕೋಪ ಉಂಟು.”

“ಗೊತ್ತುಂಟು.”

“ಎಂತಕ್ಕೆ ಅಂತ ನೆನಪಾಗುವುದಿಲ್ಲ ಮಾರಾಯ್ತಿ.”

“ಡಾಕ್ಟ್ರು ಹೇಳಿದ್ದಲ್ವಾ, ತಲೆಯಲ್ಲಿ ನೆನಪಿನ ಜಾಗ ಬೇರೆ, ಕೋಪದ ಜಾಗ ಬೇರೆ ಅಂತ. ನಿಮ್ಮದು ನೆನಪಿನದ್ದು ಮಾತ್ರ ಹಾಳಾದದ್ದು.”

“ಹಾಗಾದ್ರೆ ಕಾರಣ ನೀನೇ ಹೇಳು.”

“ನಿಮ್ಮ ಸ್ಕೂಟರ್ ಕೀ ಅಡಗಿಸಿಟ್ಟಿದ್ದೇನೆ.”

“ಎಂತಕ್ಕೆ?”

“ಮೀನು ತರ್ಲಿಕ್ಕೆ ಹೋದವರು ದಾರಿ ಮರೆತು ಕಾವೂರು ಕೆರೆ ಹತ್ರ ಕೂತಿದ್ರಿ. ಸಂಜೆವರೆಗೆ ಹುಡುಕಿದೆ. ನನ್ನ ಜೀವವೇ ಹೋಗಿತ್ತು.”

ಅವರು ಮೆಲ್ಲನೆ ಇತ್ತ ತಿರುಗಿದರು.

“ಕೀ ಎಲ್ಲಿಟ್ಟಿದ್ದೀ?”

“ಮನೆಯಲ್ಲಿ ಪ್ರಾರ್ಥನೆ ಮಾಡುವ ಆಲ್ತಾರಿನಲ್ಲಿ, ಸಂತ ಅಂತೋನಿಯವರ ಪ್ರತಿಮೆಯ ಹಿಂದೆ.”

“ಕಳೆದದ್ದು ಹುಡುಕಿಕೊಡುವ ಸಂತರ ಹಿಂದೆಯೇ!” ಅವರಿಗೆ ನಗು ಬಂತು. “ನನಗೇ ಹೇಳಿಬಿಟ್ಟಿಯಲ್ಲ?”

“ದಿನಾ ಹೇಳ್ತೇನೆ.”

“ಆಗ ನಾನು ಎಂತ ಮಾಡ್ತೇನೆ?”

“‘ಆಯ್ತು ಬಿಡು ಫೆಲ್ಸಿ, ಕ್ಷಮಿಸಿದ್ದೇನೆ’ ಅಂತೀರಿ.”

“ದಿನಾ?”

“ದಿನಾ. ಮದುವೆಯಾಗಿ ನಲವತ್ತು ವರ್ಷ ಒಂದು ಸಲವೂ ಹೇಳದವರು.”

“ಹದಿನಾರು, ಲಿಗೋರಿ ಡಿಸೋಜಾ,” ನರ್ಸ್ ಕರೆದಳು.

ಅವರು ಎದ್ದು ಹೆಂಡತಿಯ ಕಡೆ ಕೈ ಚಾಚಿದರು.

“ಆಯ್ತು ಬಿಡು.”

“ಪೂರ್ತಿ ಹೇಳಿ,” ಎಂದರು ಆಕೆ. ಗಂಡ ಹೇಳಿದ ಮೇಲೆಯೇ ಆ ಕೈ ಹಿಡಿದು ಎದ್ದು ಒಳಗೆ ಹೋದರು.