ಬಂಡೆಪ್ಪ ನಿಂತ ಜಾಗ

ಹಲೋ... ಹಲೋ, ಯಾರ್ ಮಾತಾಡೋದು? ಬಾಗಲಕೋಟಿ ನವನಗರದ ಕಂಪ್ಯೂಟರ್ ಅಂಗಡಿ ಹೌದಲ್ರಿ? ಪ್ರಭು ಅದಾನೇನು?... ಇಲಕಲ್ಲಿಂದ ಶಿವಪುತ್ರ ಅಂತ ಹೇಳ್ರಿ. ಸೀರಿ ಅಂಗಡಿ ಶಿವಪುತ್ರ... ಇಲ್ರಿ, ಸೀರಿ ಮಾರಾಕ ಫೋನ್ ಮಾಡಿಲ್ಲ. ನೀವು ಕರೀರಿ ಮೊದಲ.

...

ಪ್ರಭು, ನಾನಪಾ... ಹಾಂ, ಆರಾಮ ಅದೇನಿ. ಇಲ್ಲ, ಆರಾಮೇನಿಲ್ಲ. ಗಿರಾಕಿ ಅದಾರೇನು?... ಇರಲಿ, ಕೂಡ್ಲಿ ಸ್ವಲ್ಪ ಹೊತ್ತು. ನೀ ಫೋಟೋ ತಿದ್ದೋ ಸಾಫ್ಟ್‌ವೇರ್ ಮೂರು ನಮೂನಿ ಹೇಳಿದ್ದಿಯಲ್ಲ, ಅದರಾಗ ಯಾವ್ದು ತಗೊಳ್ಲಿ? ಇವತ್ತ ಬೇಕು. ಈಗ ಬೇಕು.

... ಗೊತ್ತೈತೋ, ವರ್ಷದಿಂದ ಕೇಳಾಕತ್ತೇನಿ. ಒಂದು ವಾರ ಆ ದೊಡ್ಡದು ಅಂದೆ, ಮುಂದಿನ ವಾರ ಪುಕ್ಕಟೆ ಸಿಗೋದು ಸಾಕು ಅಂದೆ. ನನ್ನ ಅಂಗಡ್ಯಾಗ ಇಡೀ ಸೀರಿ ರಾಶಿ ಬಿಚ್ಚಿಸಿ, ನಾಳೆ ಬರ್ತೇನಿ ಅಂತ ಹೋಗೋ ಗಿರಾಕಿ ಹಂಗ ಮಾಡಾಕತ್ತೀದಿ ಅಂತ ನೀನ ಅಂದಿದ್ದಿ. ಖರೆ ಐತಿ. ಬೈಯೋದಿದ್ರ ಆಮ್ಯಾಲೆ ಬೈ.

... ಬಣ್ಣದ ಮಾತು ಬಿಡು. ಬಣ್ಣ ಹ್ಯಾಂಗರ ಬರ್ಲಿ. ನನಗ ಒಂದ ಒಂದು ಬೇಕಾಗೈತಿ. ಫೋಟೋದಾಗಿಂದ ಅಳಿಸಿದ ಮನಷ್ಯಾನ್ನ ತಿರುಗಿ ತರೋದು ಆ ಮೂರರಾಗ ಯಾವ್ದು?

... ಹಾಂ, ಮನಷ್ಯಾನ್ನ. ಅಳಿಸಿದಾಂವ ನಾನ. ಮತ್ಯಾರು ಅಳಿಸ್ತಾರ, ನಮ್ಮ ಮನ್ಯಾಗ ಕಂಪ್ಯೂಟರ್ ಮುಟ್ಟಾಂವ ನಾ ಒಬ್ಬನ.

... ಐಹೊಳಿ ಬಂಡೆಪ್ಪ. ನೆನಪೈತಿಲ್ಲ? ಬಂದವರಿಗೆ ಗುಡಿ ತೋರಸ್ತಿದ್ನಲ್ಲ, ಗೈಡ್. ನೀ ಬಂದಾಗ ನಿನಗೂ ತೋರಿಸಿದ್ದ. ಬಗಲಾಗ ಕರೇ ಛತ್ರಿ... ಹಾಂ, ಅವನ. ಬಿಸಲಿದ್ರೂ ಬಿಚ್ಚತಿರಲಿಲ್ಲ, ಬರೇ ಹಿಡ್ಕೊಂಡು ತಿರಗ್ತಿದ್ದ... ಹೋದಪಾ. ಹೋದ ವಾರ. ಎದಿ ಹಿಡಕೊಂಡು ಕೂತಾಂವ ಏಳಲೇ ಇಲ್ಲ. ದವಾಖಾನಿ ತನಕ ಹೋಗಾಕೂ ಆಗಲಿಲ್ಲ.

... ಹೌದು, ಭಾಳ ಛಲೋ ಮನಷ್ಯಾ.

... ತಡಿ, ಅದನ್ನ ಹೇಳಾಕತ್ತೇನಿ. ಮಾತಾಡಿಸಿ ಬರೋಣ ಅಂತ ಅವನ ಮನಿಗೆ ಹೋಗಿದ್ದೆ. ಹೇಣ್ತಿ ಹನಮವ್ವ ಏನ್ ಕೇಳಿದ್ಲು ಗೊತ್ತೇನು? ಗ್ವಾಡಿಗೆ ಹಾಕಾಕ ಒಂದು ಫೋಟೋ ಇಲ್ರಿ ಅಂದ್ಲು. ಇಡೀ ಜಲ್ಮ ಬಂದ ಮಂದಿ ಕ್ಯಾಮೆರಾ ಇಸಗೊಂಡು ಅವರದ ಫೋಟೋ ತಗದು ಕೊಟ್ಟಾನ, ತನ್ನದು ಒಂದೂ ಇಲ್ಲ. ಓಟಿನ ಚೀಟ್ಯಾಗ ಐತಿ, ಅದರಾಗ ಮಾರಿ ಯಾವ್ದು ತಲಿ ಯಾವ್ದು ಗೊತ್ತಾಗಂಗಿಲ್ಲ. ಇಲಕಲ್ಲ ಸಾಹುಕಾರ್ರು ನಂದೊಂದು ತಗದಾರ ಅಂತ ಭಾಳ ಸಲ ಹೇಳ್ಯಾನಂತ ಆಕಿಗೆ. ನಾ ಹೂಂ ಅಂದೆ. ಐತವ್ವ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಡ್ತೇನಿ ಅಂದೆ. ಧೈರ್ಯಲೆ ಅಂದೆ. ತಗದದ್ದು ನೆನಪಿತ್ತು, ಅಳಿಸಿದ್ದು ನೆನಪಿರಲಿಲ್ಲ ನೋಡು.

... ಮನಿಗೆ ಬಂದು ಕಂಪ್ಯೂಟರ್ ಹಚ್ಚಿದೆ. ಗುಡಿ ಐತಿ, ಕಂಬ ಐತಿ, ಮುಂಜಾನಿ ಬಿಸಲೈತಿ. ಬಂಡೆಪ್ಪ ಇಲ್ಲ.

... ಯಾಕಂದ್ರ? ಫೋಟೋ ಸ್ಪರ್ಧೆಗೆ ಕಳಿಸಬೇಕಿತ್ತೋ. ಶಿಲ್ಪದ ವಿಭಾಗದ ಫೋಟೋದಾಗ ಮನಷ್ಯಾರು ಇರಬಾರದು ಅಂತ ಅವರದೊಂದು ನಿಯಮ. ಪ್ರತಿ ರವಿವಾರ ಅಮೀನಗಡದಾಗ ಕರದಂಟು ಕಟ್ಟಿಸ್ಕೊಂಡು ಹೋಗಿ ಅವನ ಕೈಯಾಗ ಕೊಡ್ತಿದ್ದೆ. ಆಮ್ಯಾಲೆ ಅವನಿಗೆ ನಾ ಹೇಳೋ ಮಾತು ಒಂದ. ಬಂಡೆಪ್ಪ, ಸ್ವಲ್ಪ ಆ ಕಡಿ ಸರಿ. ಪಾಪ, ಸರೀತಿದ್ದ. ಅವತ್ತೊಂದಿನ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ. ಸಾಹುಕಾರ್ರ, ಇವತ್ತ ನನ್ನೂ ಇಟ್ಟು ಒಂದು ತಗೀರಿ ಅಂದ. ತಗದೆ. ಅವ ಸರದ ಮ್ಯಾಲೆ ಬರೇ ಗುಡಿ ತಗಿಯೂಣಂದ್ರ ಮೋಡ ಮುಚ್ಚಿಬಿಡ್ತು. ಆ ಬಿಸಲು ಅವನಿದ್ದ ಒಂದರಾಗ ಬಿದ್ದಿತ್ತು. ಏನ್ ಮಾಡ್ಲಿ, ಅದನ್ನ ತಿದ್ದಿದೆ.

... ಯಾವ್ದರಾಗ ಅಂದ್ರ, ಕ್ಯಾಮೆರಾ ಜೋಡಿ ಬಂದ ಸಿ.ಡಿ.ಯಾಗ. ನೀ ಹೇಳೋ ತನಕ ಕಾಯಾಕ ನನಗ ತಾಳ್ಮಿ ಎಲ್ಲೈತಿ. ಅದರಾಗೊಂದು ಕುಂಚ ಐತಿ. ಬಾಜೂದ ಕಲ್ಲು ತಗದು ಮನಷ್ಯಾನ ಮ್ಯಾಲೆ ಬಳದ್ರಾತು. ಮೊದಲ ಕಾಲು, ಆಮ್ಯಾಲೆ ಅಂಗಿ, ಕಡೀಕ ಮಾರಿ. ಖುಷಿಲೆ ಮಾಡೀನಿ, ಪ್ರಭು. ಹೇಣ್ತಿ ಅನುರಾಧಾನ್ನ ಕರದು ತೋರಿಸೀನಿ, ನೋಡು ಹ್ಯಾಂಗ ಮಾಯ ಮಾಡ್ದೆ ಅಂತ.

... ಕಾಪಿ ಇಟ್ಟಿಲ್ಲ. ಅದ ಹೆಸರಿನ್ಯಾಗ ಉಳಿಸ್ಲೇನು ಅಂತ ಕೇಳ್ತು, ಹೂಂ ಅಂತ ಒತ್ತಿದೆ... ಹಾಂ, ನೂರು ಸಲ ಹೇಳಿದ್ದಿ. ಈಗ ನೂರಾ ಒಂದನೇ ಸಲ ಹೇಳಬ್ಯಾಡ.

... ಕ್ಯಾಮೆರಾದ ಕಾರ್ಡೇನು? ಅದು ಸಣ್ಣದು, ಅವತ್ತ ಖಾಲಿ ಮಾಡೀನಿ. ಮ್ಯಾಲೆ ತಂಗಿ ಮಗಳ ಮದವಿ, ದೀಪಾವಳಿ ಸೀರಿ, ಏನೇನೋ ಎಷ್ಟೋ ಸಲ ತುಂಬಿ ಖಾಲಿ ಆತು... ಅದರಾಗೂ ಇಲ್ಲಂತೀಯಾ? ಒಂದು ಸಲ ನೋಡಬೋದಲ್ಲ?... ನೋಡೂದೂ ವ್ಯರ್ಥ. ಹೂಂ.

... ಹಂಗಾದ್ರ ಆ ದೊಡ್ಡದು. ಅದರಾಗ ಪದರಿನ ಮ್ಯಾಲೆ ಪದರ ಇಟ್ಟು ಕೆಲಸ ಮಾಡ್ತಾರ, ಕೆಳಗಿನ ಮೂಲ ಹಂಗ ಉಳೀತೈತಿ ಅಂತ ನೀನ ಹೇಳಿದ್ದಿ. ಈ ಫೋಟೋ ಅದರಾಗ ತಗದ್ರ ಕೆಳಗಿನ ಪದರಿನ್ಯಾಗ ಬಂಡೆಪ್ಪ ಇರಬೇಕಲ್ಲ? ಗ್ವಾಡಿ ಸುಣ್ಣ ಕೆರದ್ರ ಕೆಳಗ ಹಳೇ ಬಣ್ಣ ಕಾಣ್ತದಲ್ಲ, ಹಂಗ. ಅಲ್ವಾ?

...

ಅಲ್ಲೇನು?

... ಮೊದಲ ಅದರಾಗ ಮಾಡಿದ್ರ ಇರ್ತಿದ್ದ. ಹೂಂ. ಈಗ ಕೆಳಗೇನೂ ಇಲ್ಲ. ಬರೇ ಕಲ್ಲು... ಸಣ್ಣದ್ರಾಗೂ ಇಲ್ಲ? ಪುಕ್ಕಟೆ ಸಿಗೋದ್ರಾಗ? ಮುಂಬೈದಾಗ, ದಿಲ್ಲ್ಯಾಗ ಯಾರರ ಇಟ್ಟಿರಬೋದಲ್ಲ, ನಿನಗ ಗೊತ್ತಿರಲಾರದ್ದು?... ಸಿಟ್ಟಿಗೇಳಬ್ಯಾಡೋ. ಸುಮ್ನ ಕೇಳಿದೆ.

... ಏನಂದಿ? ಮುಂದಿನ ಸಲ ಯಾವ್ದು ಛಲೋ ಅಂತನಾ? ಮುಂದಿನ ಸಲ ಅಂದ್ರೇನಲೇ? ಮುಂದಿನ ಸಲ ಬಂಡೆಪ್ಪ ಬಂದು ನಿಂದ್ರತಾನೇನು?

...

ಇಲ್ಲ, ನೀ ಏನೂ ತಪ್ಪು ಮಾಡಿಲ್ಲ. ಒದರಿದ್ದು ನಂದ ತಪ್ಪು. ಸಣ್ಣಗ ಮಾತಾಡಬೇಕು. ಆಕಿ ಇಲ್ಲೇ ಅದಾಳೋ.

... ಹನಮವ್ವ. ಹುನಗುಂದದಾಗ ಬಸ್ ಬದಲಿ ಮಾಡಿ ಮುಂಜಾನಿನ ಬಂದಾಳ. ಅಡಗಿ ಮನ್ಯಾಗ ಅನುರಾಧಾ ಚಾ ಕೊಟ್ಟು ಕೂಡಿಸ್ಯಾಳ. ಕಟ್ಟು ಹಾಕಿದ ಫೋಟೋ ಸುತ್ತಿ ಒಯ್ಯಾಕ ಮನಿಯಿಂದ ತೊಳದ ಬಟ್ಟಿ ತಂದಾಳ. ಪ್ರಿಂಟ್ ಬರಬೇಕವ್ವ, ಬಾಗಲಕೋಟಿಗೆ ಕೇಳ್ತೇನಿ ಅಂತ ಹೇಳಿ ಈ ಕಡಿ ಬಂದೀನಿ.

... ಖರೆ ಹೇಳು ಅಂತೀಯಾ? ನಿನ್ನ ಗಂಡನ್ನ ನಾ ಅಳಿಸೀನವ್ವ ಅಂತ ಹ್ಯಾಂಗ ಹೇಳ್ಲಿ? ನೀ ಆಗಿದ್ರ ಹೇಳ್ತಿದ್ದಿಯೇನು?

... ಹೂಂ, ಕಂಪ್ಯೂಟರ್ ಮುಂದನ ಅದೇನಿ. ಫೋಟೋನೂ ತಗದಿಟ್ಟೀನಿ... ದೊಡ್ಡದು ಮಾಡ್ಲೇನು? ಮಾಡಿದೆ... ಎಡಕ್ಕ ಸರಿಸ್ಲೇನು? ಸರಿಸಿದೆ. ಎರಡು ಕಂಬದ ನಡುವ, ಅಲ್ಲೇ ನಿಂತಿದ್ದ... ಅಂಗಿದೊಂದು ಅಂಚು, ಒಂದು ಬೆರಳು? ಏನೂ ಉಳಿದಿಲ್ಲೋ. ಅಷ್ಟು ಛಂದ ಅಳಿಸೀನಿ. ಉಳದದ್ದು ನೆಳ್ಳು ಒಂದ.

... ನೆಳ್ಳು. ಕಂಬದ ನೆಳ್ಳು ಅಂತ ತಿಳಕೊಂಡು ಅದನ್ನ ಮುಟ್ಟಿರಲಿಲ್ಲ. ಸ್ಪರ್ಧೆಯವರು ಫೋಟೋ ವಾಪಸ್ ಕಳಿಸ್ಯಾರ, ಅದರ ಹಿಂದ ಬರದಾರ, ಇದು ಯಾರ ನೆರಳು ಅಂತ. ಹಾಸುಗಲ್ಲಿನ ಮ್ಯಾಲೆ ಉದ್ದಕ ಬಿದ್ದೈತಿ. ರುಮಾಲು ಕಾಣ್ತೈತಿ. ಬಗಲಾಗಿನ ಛತ್ರಿ ತುದಿ ಕಾಣ್ತೈತಿ. ನೆಳ್ಳಿನಿಂದ ಮನಷ್ಯಾನ್ನ ಮಾಡಾಕ ಬರ್ತೈತೇನು, ಪ್ರಭು?... ಗೊತ್ತೋ. ಗೊತ್ತಿದ್ದೂ ಕೇಳಿದೆ.

... ಇರು, ಇರು. ಬಾಗಲದಾಗ ನಿಂತಾಳ. ಬಾ ಅವ್ವ, ಒಳಗ ಬಾ. ಬಾಗಲಕೋಟಿ ಗೆಳ್ಯಾಗ ಮಾತಾಡಾಕತ್ತಿದ್ದೆ... ಇಲ್ಲ, ಈಗ ಬಂದೆ ಅಂತಾಳ. ಏನೂ ಕೇಳಿಲ್ಲ ಅನಸ್ತದ. ಪ್ರಭು, ಸಣ್ಣಗ ಮಾತಾಡ್ತೇನಿ, ನೀ ಫೋನ್ ಇಡಬ್ಯಾಡ. ಇಟ್ಟೀ ಅಂದ್ರ ನಾ ಒಬ್ಬನ ಆಗ್ತೇನಿ.

... ಪರದೆ ಹತ್ರ ಬಗ್ಗಿ ನೋಡಾಕತ್ತಾಳೋ. ಆರಿಸಬೇಕಿತ್ತು, ಆರಿಸಲಿಲ್ಲ... ಏನವ್ವ?... ಹಾಂ, ನೆಳ್ಳು... ಹೌದವ್ವ, ಛತ್ರಿನ... ಪ್ರಭು, ಗುರ್ತು ಹಿಡದ್ಲು. ನಮ್ಮವ್ರ ಹಿಂಗ ಹಿಡ್ಕೊಳ್ತಿದ್ರು ಅಂತಾಳ. ಬಟ್ಟು ಇಟ್ಟು ತೋರಸಾಕತ್ತಾಳ, ಇದು ರುಮಾಲಿನ ಸೆರಗು, ಹಿಂಗ ಇಳಿಬಿಡ್ತಿದ್ರು ಅಂತ. ನಗಾಕತ್ತಾಳೋ.

... ಏನಂದೆವ್ವ?

...

ಪ್ರಭು, ಆಕಿ ಏನಂತಾಳ ಕೇಳು. ನೆಳ್ಳು ಇಲ್ಲಿ ಬಿದ್ದೈತಿ ಅಂದ್ರ ಅವ್ರು ಇಲ್ಲೇ ಬಾಜೂಕ ನಿಂತಿರಬೇಕು, ಸ್ವಲ್ಪ ಆ ಕಡಿ ಸರಿಸ್ರಿ ಅಂತಾಳ. ನಾ ಫೋಟೋ ಆಚೆ ಈಚೆ ಸರಿಸೋದು ನೋಡ್ಯಾಳ. ಇನ್ನೂ ಸರಿಸಿದ್ರ ಕಾಣ್ತಾನ ಅಂತ ತಿಳಕೊಂಡಾಳ.

... ಏನ್ ಹೇಳ್ಲಿ? ಸಾಫ್ಟ್‌ವೇರ್ ಯಾವ್ದೂ ಬ್ಯಾಡ ನನಗ. ಒಂದು ಮಾತು ಹೇಳು, ಅದನ್ನ ಆಕಿಗೆ ಹೇಳ್ತೇನಿ. ಹೇಳೋ... ಹಲೋ? ಕೇಳ್ಸಾಕತ್ತೈತೇನು?

... ಹಾಂ ಅವ್ವ, ಸರಸಾಕತ್ತೇನಿ. ಇದು ಕಂಬ... ಇದು ಅದರ ಬಾಜೂದ ಕಂಬ... ಇಲ್ಲ, ಇಲ್ಲಿ ಕಲ್ಲೈತಿ... ಪ್ರಭು? ಹಲೋ? ಹಲೋ, ಪ್ರಭು...

ಫೋನ್ ಕಟ್ ಆತವ್ವ... ಹೂಂ. ಇನ್ನೊಂದಿಷ್ಟು ಸರಸ್ತೇನಿ.